ಹಾಲು-ಬ್ರೆಡ್ಡು ಹಂಚಿದ ಮೇಲೆ ಉಳಿಯುವ ಕೆಲಸ

ತಾಲ್ಲೂಕು ಆಸ್ಪತ್ರೆಯಲ್ಲಿ ಹಾಲು-ಬ್ರೆಡ್ಡು, ಜೂನ್ ತಿಂಗಳಲ್ಲಿ ನೋಟ್‌ಬುಕ್ಕು, ಮಾಗಿ ಚಳಿಗೆ ಕಂಬಳಿ, ಹಿಂದೊಂದು ಬ್ಯಾನರು. ಸೇವಾ ಸಂಸ್ಥೆ ಎಂದರೆ ನಮ್ಮ ಊರುಗಳಲ್ಲಿ ಕಣ್ಣಿಗೆ ಬೀಳುವುದು ಇಷ್ಟೇ. ಇದರಲ್ಲಿ ತಪ್ಪು ಹುಡುಕಬೇಕಿಲ್ಲ, ಚಳಿಗೆ ಕಂಬಳಿ ಬೇಕೇ ಬೇಕು. ಆದರೆ ಒಮ್ಮೆ ಲೆಕ್ಕ ಹಾಕಿ ನೋಡಿ. ವೃದ್ಧರಿಗೆ ರಾಜ್ಯ ಸರ್ಕಾರ ಕೊಡುವ ಸಂಧ್ಯಾ ಸುರಕ್ಷಾ ಪಿಂಚಣಿ ತಿಂಗಳಿಗೆ 1,200 ರೂಪಾಯಿ, ವರ್ಷಕ್ಕೆ 14,400. ಅರ್ಹತೆಯಿದ್ದೂ ಸಿಗದೆ ಕೂತಿರುವ 50 ಮಂದಿಗೆ ಒಂದು ಸಂಸ್ಥೆ ಇದನ್ನು ಮಾಡಿಸಿಕೊಟ್ಟರೆ ವರ್ಷಕ್ಕೆ 7,20,000 ರೂಪಾಯಿ ಆ ಹೋಬಳಿಗೆ ಬರುತ್ತದೆ. ಮುಂದಿನ ವರ್ಷವೂ ಬರುತ್ತದೆ. ಪ್ರತಿ ವರ್ಷ ಅಷ್ಟು ದುಡ್ಡಿನ ಕಂಬಳಿ ಹಂಚಬಲ್ಲ ಸಂಸ್ಥೆಗಳು ಎಷ್ಟಿವೆ?

ಸ್ವಯಂಸೇವಾ ಸಂಸ್ಥೆಗಳು ಸರ್ಕಾರದ ಕೆಲಸವನ್ನೇ ಹೊತ್ತು ನಡೆಸಿದ ಉದಾಹರಣೆಗಳು ನಮ್ಮಲ್ಲಿ ಬೇಕಾದಷ್ಟಿವೆ. ಯಳಂದೂರು ತಾಲ್ಲೂಕಿನ ಗುಂಬಳ್ಳಿಯ ಪ್ರಾಥಮಿಕ ಆರೋಗ್ಯ ಕೇಂದ್ರವನ್ನು ಕರುಣಾ ಟ್ರಸ್ಟ್ 1996ರಲ್ಲಿ ವಹಿಸಿಕೊಂಡಿತು. ಶಾಲೆಗಳಿಗೆ ಬಿಸಿಯೂಟ ಕಳಿಸುವ ದೊಡ್ಡ ಅಡುಗೆಮನೆಗಳಿವೆ, ಮಠಗಳ ಉಚಿತ ವಿದ್ಯಾರ್ಥಿನಿಲಯಗಳಿವೆ. ಅವೆಲ್ಲ ಕೋಟಿಗಳ ಮಾತು. ಇಲ್ಲಿ ಹೇಳಹೊರಟಿರುವುದು ಇಬ್ಬರು ಕಾರ್ಯಕರ್ತರು, ಒಂದು ದ್ವಿಚಕ್ರ ವಾಹನ, ಒಂದು ದಪ್ಪ ರಿಜಿಸ್ಟರು ಇದ್ದರೆ ಆಗುವ ಕೆಲಸದ ಬಗ್ಗೆ. ಸರ್ಕಾರ ಕೊಡುತ್ತೇನೆ ಎಂದು ಆಗಲೇ ಒಪ್ಪಿಕೊಂಡಿರುವ ದುಡ್ಡನ್ನು ಯಾರಿಗೆ ಸೇರಬೇಕೋ ಅವರ ಕೈಗೆ ಸೇರಿಸುವುದು, ಸೇರಿದ್ದು ನಿಲ್ಲದಂತೆ ನೋಡಿಕೊಳ್ಳುವುದು. ಫೋಟೊ ತೆಗೆಯಲು ಇದರಲ್ಲಿ ಏನೂ ಸಿಗುವುದಿಲ್ಲ. ಬಹುಶಃ ಅದಕ್ಕೇ ಮಾಡುವವರು ಕಡಿಮೆ.

ಯಾವುದು, ಯಾರಿಗೆ

ಊರಲ್ಲಿ ಇದನ್ನು ಯಾರೂ ಪಿಂಚಣಿ ಅನ್ನುವುದಿಲ್ಲ. ಮೈಸೂರು ಸೀಮೆಯಲ್ಲಿ ‘ಸಂಬಳ’, ಉತ್ತರಕ್ಕೆ ಹೋದರೆ ‘ಪಗಾರ’. ಹೆಸರು ಒಂದೇ ಆದರೂ ಒಳಗೆ ಬೇರೆ ಬೇರೆ ಯೋಜನೆಗಳಿವೆ, ಅವುಗಳನ್ನು ಕಲಸಿಕೊಂಡರೆ ಅರ್ಜಿ ಮೊದಲ ಮೆಟ್ಟಿಲಲ್ಲೇ ಬೀಳುತ್ತದೆ.

ಸಂಧ್ಯಾ ಸುರಕ್ಷಾ 2007ರಲ್ಲಿ ಶುರುವಾದ ರಾಜ್ಯದ ಯೋಜನೆ. 65 ತುಂಬಿದ ಸಣ್ಣ ರೈತರು, ಕೃಷಿ ಕೂಲಿಗಳು, ನೇಕಾರರು, ಮೀನುಗಾರರು, ಅಸಂಘಟಿತ ವಲಯದಲ್ಲಿ ದುಡಿದವರಿಗೆ. ಗಂಡ-ಹೆಂಡತಿ ಇಬ್ಬರ ಆದಾಯ ಸೇರಿ ವರ್ಷಕ್ಕೆ 32,000 ರೂಪಾಯಿ ಮೀರಬಾರದು. 60 ದಾಟಿದ ಬಿಪಿಎಲ್ ವೃದ್ಧರಿಗೆ ಇಂದಿರಾ ಗಾಂಧಿ ರಾಷ್ಟ್ರೀಯ ವೃದ್ಧಾಪ್ಯ ವೇತನ. ವಿಧವಾ ವೇತನ 800 ರೂಪಾಯಿ. ಮದುವೆಯಾಗದ ಮತ್ತು ವಿಚ್ಛೇದಿತ ಮಹಿಳೆಯರಿಗೆ 40ರಿಂದ 64 ವರ್ಷದವರೆಗೆ ಮನಸ್ವಿನಿ, ಲಿಂಗತ್ವ ಅಲ್ಪಸಂಖ್ಯಾತರಿಗೆ ಮೈತ್ರಿ. ಅಂಗವಿಕಲರಿಗೆ ವೈಕಲ್ಯದ ಪ್ರಮಾಣ ನೋಡಿಕೊಂಡು 800, 1,400 ಹೀಗೆ. ಒಬ್ಬರೇ ಎರಡು ಪಿಂಚಣಿ ಪಡೆಯುವಂತಿಲ್ಲ. ಗೃಹಲಕ್ಷ್ಮಿಯ 2,000 ಇದರ ಲೆಕ್ಕಕ್ಕೆ ಬರುವುದಿಲ್ಲ, ಅದು ಬರುತ್ತಿದ್ದರೂ ಪಿಂಚಣಿ ಪಡೆಯಬಹುದು. ಇದು ಗೊತ್ತಿಲ್ಲದೆ ಸುಮ್ಮನಾದವರು ಇದ್ದಾರೆ.

ಇಲ್ಲೊಂದು ಮಾತು ಹೇಳಿ ಮುಂದೆ ಹೋಗಬೇಕು. ವೃದ್ಧಾಪ್ಯ ವೇತನಕ್ಕೆ ಕೇಂದ್ರ ಸರ್ಕಾರ ಕೊಡುವ ಪಾಲು 79 ವರ್ಷದವರೆಗೆ ತಿಂಗಳಿಗೆ 200 ರೂಪಾಯಿ, 80 ದಾಟಿದರೆ 500. ವಿಧವೆಯರಿಗೆ 300, ಅದೂ 40 ವರ್ಷ ದಾಟಿದವರಿಗೆ ಮಾತ್ರ. ಅಂಗವಿಕಲರಿಗೂ 300, ಅದಕ್ಕೆ ವೈಕಲ್ಯ ಶೇ. 80 ಇರಬೇಕು. ಈ 200 ರೂಪಾಯಿ ಎಷ್ಟೋ ವರ್ಷಗಳಿಂದ ಅಲುಗಾಡಿಲ್ಲ. ಉಳಿದದ್ದನ್ನು ರಾಜ್ಯ ತುಂಬುತ್ತದೆ. ಮೊತ್ತ ಸಾಲದು ಎಂದು ಹೋರಾಡುವುದೂ ಸಂಸ್ಥೆಗಳ ಕೆಲಸವೇ, ಆದರೆ ಆ ಹೋರಾಟ ಗೆಲ್ಲುವವರೆಗೆ ಈಗಿರುವ 800, 1,200 ಆದರೂ ಕೈಗೆ ಬರಲಿ.

ಯೋಜನೆಗಳ ನಡುವೆ ಬಿರುಕುಗಳೂ ಇವೆ. ಗಂಡ ಬಿಟ್ಟುಹೋದ ಹೆಂಗಸು ವಿಧವೆಯಲ್ಲ, ವಿಚ್ಛೇದಿತೆಯೂ ಅಲ್ಲ. ಗಂಡ ಏಳು ವರ್ಷ ಕಾಣದಿದ್ದರೆ ಸತ್ತಿದ್ದಾನೆಂದು ಕಾನೂನು ಊಹಿಸಬಹುದು, ಆದರೆ ಅದಕ್ಕೆ ನ್ಯಾಯಾಲಯಕ್ಕೆ ಹೋಗಬೇಕು. ಅವನು ಪಕ್ಕದ ತಾಲ್ಲೂಕಿನಲ್ಲೇ ಇನ್ನೊಂದು ಸಂಸಾರ ಮಾಡಿಕೊಂಡಿದ್ದರೆ ಅದೂ ಇಲ್ಲ. ಇಂಥವರನ್ನು ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಕರೆದೊಯ್ದು ಜೀವನಾಂಶದ ಅರ್ಜಿ ಹಾಕಿಸಬೇಕು. ಮಹಿಳೆಯರಿಗೆ ಅಲ್ಲಿ ಆದಾಯದ ಮಿತಿಯಿಲ್ಲದೆ ವಕೀಲರು ಉಚಿತವಾಗಿ ಸಿಗುತ್ತಾರೆ. ವಿಧವಾ ವೇತನದ ಅರ್ಜಿಯಲ್ಲಿ ಸುಳ್ಳು ಬರೆಸುವ ಉಪಾಯ ಮಾತ್ರ ಬೇಡ. ಮುಂದೆ ವಸೂಲಿಗೆ ಬರುವುದು ಅವಳ ಮನೆಗೇ.

ಸಭೆ ಕರೆದರೆ ಬರುವವರು ಬೇರೆ

ಹೊಸ ಸಂಸ್ಥೆಗಳು ಮೊದಲು ಮಾಡುವ ತಪ್ಪು ಪಂಚಾಯಿತಿ ಕಚೇರಿ ಮುಂದೆ ಶಾಮಿಯಾನ ಹಾಕಿ ಮಾಹಿತಿ ಶಿಬಿರ ಮಾಡುವುದು. ಅಲ್ಲಿಗೆ ಬರುವವರು ನಡೆಯಬಲ್ಲವರು, ಕೇಳಬಲ್ಲವರು, ಯಾರಾದರೂ ಕರೆದುಕೊಂಡು ಬರುವವರು. ಹಾಸಿಗೆ ಹಿಡಿದವರು, ಊರಾಚೆಯ ಹಟ್ಟಿಯವರು, ಕಣ್ಣು ಕಾಣದ ಮುದುಕರು ಬರುವುದೇ ಇಲ್ಲ. ಆದ್ದರಿಂದ ಮನೆ ಮನೆಗೆ ಹೋಗಬೇಕು, ಹೋಗುವಾಗ ಆಶಾ ಕಾರ್ಯಕರ್ತೆ ಜೊತೆಗಿರಬೇಕು. ಯಾವ ಮನೆಯ ಹಿಂದಿನ ಕೋಣೆಯಲ್ಲಿ ಯಾರಿದ್ದಾರೆ ಎಂಬುದು ಅವರಿಗೆ ಗೊತ್ತು. ಕೂಲಿ ಹಂಗಾಮಿನಲ್ಲಿ ಬೆಳಿಗ್ಗೆ 8ರೊಳಗೆ ಅಥವಾ ಸಂಜೆ ದೀಪ ಹಚ್ಚುವ ಹೊತ್ತಿಗೆ ಹೋದರೆ ಮಾತ್ರ ಜನ ಸಿಗುತ್ತಾರೆ.

ಕೇಳುವ ರೀತಿಯೂ ಮುಖ್ಯ. ‘ನೀವು ಸಾಮಾಜಿಕ ಭದ್ರತಾ ಯೋಜನೆಯ ಫಲಾನುಭವಿಯೇ?’ ಎಂದರೆ ಅಜ್ಜಿ ನಿಮ್ಮ ಮುಖ ನೋಡುತ್ತಾರೆ. ‘ಅಜ್ಜಿ, ಸಂಬಳ ಬರ್ತಾ ಇದ್ಯಾ? ಕೊನೇ ಸಲ ಬಂದಿದ್ದು ಯಾವ ಹಬ್ಬಕ್ಕೆ?’ ಎಂದರೆ ‘ಗೌರಿ ಹಬ್ಬಕ್ಕೆ ಬಂದಿತ್ತು ಕಣಪ್ಪ, ಆಮೇಲಿಲ್ಲ’ ಎಂಬ ಉತ್ತರ ಬರುತ್ತದೆ. ಅಲ್ಲಿಗೆ ತಿಂಗಳು ಗೊತ್ತಾಯಿತು.

ಹೀಗೆ ಬಂದ ಹೆಸರುಗಳನ್ನು ಮೂರು ಗುಂಪು ಮಾಡಿ: ಅರ್ಜಿಯನ್ನೇ ಹಾಕದವರು, ಹಾಕಿ ತಿರಸ್ಕೃತರಾದವರು, ಬರುತ್ತಿದ್ದು ನಿಂತವರು. ಎಲ್ಲರೂ ಮೊದಲ ಗುಂಪಿನ ಹಿಂದೆ ಬೀಳುತ್ತಾರೆ. ಆದರೆ ಬೇಗ ಫಲ ಸಿಗುವುದು ಮೂರನೆಯದರಲ್ಲಿ, ಏಕೆಂದರೆ ಅಲ್ಲಿ ಮಂಜೂರಾತಿ ಆಗಲೇ ಇದೆ, ಎಲ್ಲೋ ಒಂದು ಕೊಂಡಿ ಕಳಚಿದೆ ಅಷ್ಟೆ. ಮೊದಲ ತಿಂಗಳು ಅದರಿಂದಲೇ ಶುರು ಮಾಡಿ. ನಾಲ್ಕು ಮನೆಗೆ ನಿಂತ ದುಡ್ಡು ಮತ್ತೆ ಬಂದರೆ ಐದನೆಯವರು ತಾವಾಗಿಯೇ ಕಾಗದದ ಚೀಲ ಹಿಡಿದು ಬರುತ್ತಾರೆ.

ಕಾಗದದ ಚೀಲ

ಆ ಚೀಲದಲ್ಲಿ ಎಲ್ಲ ಇರುತ್ತದೆ, ಯಾವುದೂ ಒಂದಕ್ಕೊಂದು ಹೊಂದುವುದಿಲ್ಲ. ಆಧಾರ್‌ನಲ್ಲಿ ಲಕ್ಷ್ಮಮ್ಮ, ರೇಷನ್ ಕಾರ್ಡಿನಲ್ಲಿ ಲಕ್ಷ್ಮೀದೇವಮ್ಮ, ಬ್ಯಾಂಕಿನಲ್ಲಿ ಗಂಡನ ಹೆಸರು ಸೇರಿಸಿ ಮತ್ತೊಂದು. ಕಂಪ್ಯೂಟರಿಗೆ ಇವರು ಮೂವರು. ಇದನ್ನು ಸರಿಪಡಿಸಲು ಒಂದು ಕ್ರಮ ಇದೆ, ತಪ್ಪಿದರೆ ಅದೇ ಕಚೇರಿಗೆ ಮೂರು ಸಲ ಅಲೆಯಬೇಕು. ಮೊದಲು ಆಧಾರ್ ಸರಿಯಾಗಲಿ. ಆಮೇಲೆ ಅದಕ್ಕೆ ಹೊಂದುವಂತೆ ಬ್ಯಾಂಕ್ ಖಾತೆ, ಆಮೇಲೆ ರೇಷನ್ ಕಾರ್ಡು, ಆಮೇಲೆ ಆದಾಯ ಪ್ರಮಾಣಪತ್ರ, ಕೊನೆಗೆ ಪಿಂಚಣಿ ಅರ್ಜಿ. ಅವಸರಕ್ಕೆ ಆದಾಯ ಪ್ರಮಾಣಪತ್ರವನ್ನು ಮೊದಲು ತೆಗೆಸಿದರೆ ಅದು ಹಳೆಯ ಹೆಸರಿನಲ್ಲಿ ಬಂದು ವ್ಯರ್ಥವಾಗುತ್ತದೆ.

ವಯಸ್ಸಿನದು ಇನ್ನೊಂದು ತೊಡಕು. ಆಧಾರ್ ಮಾಡಿಸುವಾಗ ‘ಎಷ್ಟು ವಯಸ್ಸಮ್ಮಾ?’ ಎಂದಾಗ ಬಾಯಿಗೆ ಬಂದದ್ದನ್ನು ಹೇಳಿರುತ್ತಾರೆ. ಹುಟ್ಟಿದ ದಿನ ಜನವರಿ 1 ಎಂದಿದ್ದರೆ ಅದು ಬಹುಪಾಲು ಹೀಗೆ ಅಂದಾಜಿನಲ್ಲಿ ಬಂದದ್ದು. ಮುಖ ನೋಡಿದರೆ 70, ಕಾರ್ಡಿನಲ್ಲಿ 58. ಆಧಾರ್‌ನಲ್ಲಿ ಹುಟ್ಟಿದ ದಿನಾಂಕವನ್ನು ಒಮ್ಮೆ ಮಾತ್ರ ಬದಲಿಸಲು ಬಿಡುತ್ತಾರೆ, ಅದಕ್ಕೂ ದಾಖಲೆ ಬೇಕು. ಆ ಒಂದು ಅವಕಾಶವನ್ನು ಸೈಬರ್ ಸೆಂಟರಿನಲ್ಲಿ ಯಾರೋ ಹೇಗೋ ಬಳಸಿಬಿಟ್ಟರೆ ಮತ್ತೆ ಬೆಂಗಳೂರಿನ ಪ್ರಾದೇಶಿಕ ಕಚೇರಿಯವರೆಗೆ ಹೋಗಬೇಕಾಗುತ್ತದೆ. ಆದ್ದರಿಂದ ಬದಲಿಸುವ ಮುನ್ನ ಹಳೆಯ ಶಾಲಾ ದಾಖಲಾತಿ, ಹಳೆಯ ಮತದಾರರ ಪಟ್ಟಿಯಲ್ಲಿನ ವಯಸ್ಸು, ಹಿರಿಯ ಮಗನ ಶಾಲಾ ದಾಖಲೆ ಎಲ್ಲ ತೆಗೆದಿಟ್ಟುಕೊಳ್ಳಿ. ಮಗನಿಗೆ ಆಧಾರ್ ಪ್ರಕಾರ 50, ತಾಯಿಗೆ 58 ಎಂದು ಎರಡು ಕಾಗದ ಅಕ್ಕಪಕ್ಕ ಇಟ್ಟರೆ ಯಾವ ಅಧಿಕಾರಿಗೂ ಹೆಚ್ಚು ವಿವರಿಸಬೇಕಿಲ್ಲ.

ವಿಧವಾ ವೇತನಕ್ಕೆ ಗಂಡನ ಮರಣ ಪ್ರಮಾಣಪತ್ರ ಬೇಕು. ಸಾವನ್ನು 21 ದಿನದೊಳಗೆ ನೋಂದಾಯಿಸಬೇಕು ಎಂಬುದು 1969ರ ಕಾನೂನು. ಮನೆಯಲ್ಲೇ ಸತ್ತರೆ ತಿಥಿಯವರೆಗೆ ಯಾರಿಗೂ ಅದರ ನೆನಪಿರುವುದಿಲ್ಲ, ಆಮೇಲೆ ಮರೆತೇಹೋಗುತ್ತದೆ. ಒಂದು ವರ್ಷ ದಾಟಿದರೆ ಹಿಂದೆ ಮ್ಯಾಜಿಸ್ಟ್ರೇಟ್ ನ್ಯಾಯಾಲಯದ ಆದೇಶ ತರಬೇಕಿತ್ತು. 2023ರ ತಿದ್ದುಪಡಿಯಲ್ಲಿ ಈ ಅಧಿಕಾರವನ್ನು ಜಿಲ್ಲಾಧಿಕಾರಿ, ಉಪವಿಭಾಗಾಧಿಕಾರಿಗಳ ಹಂತಕ್ಕೆ ಕೊಟ್ಟಿದ್ದಾರೆ. ಹತ್ತು ವರ್ಷದ ಹಿಂದೆ ಗಂಡ ತೀರಿಕೊಂಡು ಕಾಗದವಿಲ್ಲದೆ ಕೂತವರು ಈಗ ಉಪವಿಭಾಗಾಧಿಕಾರಿಯ (ಎ.ಸಿ.) ಕಚೇರಿಗೆ ಅರ್ಜಿ ಹಾಕಬಹುದು. ಮರಣ ನೋಂದಣಿಯಾಗಿಲ್ಲ ಎಂಬ ಪತ್ರ, ಅಫಿಡವಿಟ್, ಸಾಕ್ಷಿಗಳ ಹೇಳಿಕೆ ಜೊತೆಗಿರಲಿ.

ನಾಡಕಚೇರಿಯಿಂದ ಮಂಜೂರಾತಿವರೆಗೆ

ಅರ್ಜಿ ಕೊಡುವುದು ಹೋಬಳಿಯ ನಾಡಕಚೇರಿಯಲ್ಲಿ, ಅಂದರೆ ಅಟಲ್‌ಜೀ ಜನಸ್ನೇಹಿ ಕೇಂದ್ರದಲ್ಲಿ. ಗ್ರಾಮ ಒನ್‌ನಲ್ಲೂ ಹಾಕಬಹುದು. ಕೊಟ್ಟ ಕೂಡಲೇ ಸಕಾಲದ, ಅಂದರೆ ಸರ್ಕಾರಿ ಸೇವೆ ಇಷ್ಟು ದಿನದೊಳಗೆ ಸಿಗಬೇಕೆಂಬ ಕಾನೂನಿನ, ಜಿಎಸ್‌ಸಿ ಸಂಖ್ಯೆಯಿರುವ ಸ್ವೀಕೃತಿ ಸಿಗಬೇಕು. ಈ ಸಂಖ್ಯೆ ಇಲ್ಲದೆ ‘ಇಲ್ಲಿಟ್ಟು ಹೋಗಿ, ನೋಡೋಣ’ ಎಂದರೆ ಅದು ಅರ್ಜಿಯಲ್ಲ, ಬರೀ ಕಾಗದ. ಸ್ವೀಕೃತಿಯ ಮೇಲಿನ ಕೊನೆಯ ದಿನಾಂಕವನ್ನು ರಿಜಿಸ್ಟರಿನಲ್ಲಿ ಬರೆದುಕೊಳ್ಳಿ. ಸಕಾಲ ಕಾನೂನು 2011ರದ್ದು. ತಡವಾದರೆ ಮೇಲ್ಮನವಿ ಹಾಕಬಹುದು, ದಿನಕ್ಕೆ 20 ರೂಪಾಯಿಯಂತೆ 500 ರೂಪಾಯಿವರೆಗೆ ಪರಿಹಾರವನ್ನೂ ಕೇಳಬಹುದು. ಪರಿಹಾರದ ದುಡ್ಡಿನ ಆಸೆಗಲ್ಲ, ಮೇಲ್ಮನವಿ ಬಂತೆಂದರೆ ಕಡತ ಮೇಲೇಳುತ್ತದೆ.

ಅರ್ಜಿ ಅಲ್ಲಿಂದ ಗ್ರಾಮ ಆಡಳಿತಾಧಿಕಾರಿಗೆ ಹೋಗುತ್ತದೆ. ಊರಲ್ಲಿ ಈಗಲೂ ಅವರು ‘ವಿ.ಎ.’, ಹಿರಿಯರ ಬಾಯಲ್ಲಿ ‘ಶಾನುಭೋಗರು’. ಅವರ ಸ್ಥಳ ಪರಿಶೀಲನೆ, ಕಂದಾಯ ನಿರೀಕ್ಷಕರ ವರದಿ, ಕೊನೆಗೆ ತಹಶೀಲ್ದಾರ್ ಮಟ್ಟದಲ್ಲಿ ಮಂಜೂರಾತಿ. ಬೀಳುವುದು ಹೆಚ್ಚಾಗಿ ಪರಿಶೀಲನೆಯಲ್ಲೇ. ವಿ.ಎ. ಬಂದ ದಿನ ಅರ್ಜಿದಾರರು ಮನೆಯಲ್ಲಿರುವುದಿಲ್ಲ. ಕಾಫಿ ಸೀಮೆಗೋ ಬೆಂಗಳೂರಿಗೋ ಕೂಲಿಗೆ ಹೋಗಿರುತ್ತಾರೆ, ಇಲ್ಲವೇ ಮಗಳ ಮನೆಯಲ್ಲಿರುತ್ತಾರೆ. ‘ಸದರಿಯವರು ಗ್ರಾಮದಲ್ಲಿ ವಾಸವಿಲ್ಲ’ ಎಂಬ ಒಂದು ಸಾಲು ಬರೆದರೆ ಮುಗಿಯಿತು. ಪರಿಶೀಲನೆಯ ದಿನವನ್ನು ಮೊದಲೇ ಫೋನ್ ಮಾಡಿ ತಿಳಿದು ಅರ್ಜಿದಾರರನ್ನು ಮನೆಯಲ್ಲಿ ಕೂರಿಸುವುದು, ನೋಡಲು ಸಣ್ಣ ಕೆಲಸವಾದರೂ, ಸಂಸ್ಥೆಯ ಕಾರ್ಯಕರ್ತ ಮಾಡಬಹುದಾದ ಅತ್ಯಂತ ಉಪಯೋಗದ ಕೆಲಸ. ಇನ್ನೊಂದು ಕಾರಣ ಪಹಣಿ. ಮಾವನ ಹೆಸರಿನಲ್ಲಿ ಜಂಟಿಯಾಗಿರುವ ನಾಲ್ಕು ಎಕರೆ ಕಂಡು ಆದಾಯ ಹೆಚ್ಚೆಂದು ಬರೆಯುತ್ತಾರೆ. ಅದರಲ್ಲಿ ಈಕೆಯ ಪಾಲು ಎಷ್ಟು, ಉಳುಮೆ ಯಾರದು ಎಂಬುದನ್ನು ವಂಶವೃಕ್ಷದೊಂದಿಗೆ ಮೊದಲೇ ಲಗತ್ತಿಸಿದರೆ ಅರ್ಧ ತಕರಾರು ಏಳುವುದಿಲ್ಲ.

ತಿರಸ್ಕಾರವಾದರೆ ಬಾಯಿಮಾತಿನ ಕಾರಣ ಒಪ್ಪಬೇಡಿ, ಹಿಂಬರಹ, ಅಂದರೆ ಕಾರಣ ಬರೆದ ಉತ್ತರ, ಕೇಳಿ. ಹಿಂಬರಹ ಕೊಡಬೇಕಾಗುತ್ತದೆ ಎಂದಾಗಲೇ ಕೆಲವು ಕಾರಣಗಳು ಮಾಯವಾಗುತ್ತವೆ. ಕೊಟ್ಟರೆ ಮೇಲ್ಮನವಿಗೆ ಅದೇ ಆಧಾರ. ಅದೂ ಸಿಗದಿದ್ದರೆ ಮಾಹಿತಿ ಹಕ್ಕಿನಡಿ ಕಡತದ ಪ್ರತಿ ಕೇಳಬಹುದು. ಬಿಪಿಎಲ್ ಕುಟುಂಬದವರಿಗೆ 10 ರೂಪಾಯಿ ಅರ್ಜಿ ಶುಲ್ಕವೂ ಇಲ್ಲ, ಆದ್ದರಿಂದ ಅರ್ಜಿ ಸಂಸ್ಥೆಯ ಹೆಸರಿಗಿಂತ ಅವರ ಹೆಸರಿನಲ್ಲೇ ಇರಲಿ, ಕಾರ್ಡಿನ ಪ್ರತಿ ಜೊತೆಗಿಡಿ. ಹೋಬಳಿ ಮಟ್ಟದಲ್ಲಿ ಪಿಂಚಣಿ ಅದಾಲತ್ ನಡೆದಾಗ ಇಂಥ ಹತ್ತಿಪ್ಪತ್ತು ಪ್ರಕರಣಗಳನ್ನು ಒಟ್ಟಿಗೆ ಪಟ್ಟಿ ಮಾಡಿ ಕೊಂಡೊಯ್ದರೆ ಒಂದೇ ದಿನದಲ್ಲಿ ತೀರ್ಮಾನವಾಗುವುದುಂಟು.

ಒಂದು ಎಚ್ಚರಿಕೆ. ವಿ.ಎ.ಗಳ ಮೇಲೆ ಹರಿಹಾಯುವುದು ಸುಲಭ. ಒಬ್ಬೊಬ್ಬರ ತಲೆಯ ಮೇಲೂ ಹಲವು ಹಳ್ಳಿ, ಬೆಳೆ ಸಮೀಕ್ಷೆ, ಚುನಾವಣೆ, ಬರ, ನೆರೆ ಎಲ್ಲ ಇರುತ್ತದೆ. ಪೂರ್ಣ ಕಾಗದ ಜೋಡಿಸಿ, ಹಳ್ಳಿವಾರು ವಿಂಗಡಿಸಿ ಕೊಡುವ ಸಂಸ್ಥೆಯನ್ನು ಅವರೇ ಹುಡುಕಿಕೊಂಡು ಬರುತ್ತಾರೆ.

ಮಂಜೂರಾಯಿತು, ದುಡ್ಡು ಬರಲಿಲ್ಲ

ಹಿಂದೆ ಸಂಬಳ ಮನಿ ಆರ್ಡರಿನಲ್ಲಿ ಬರುತ್ತಿತ್ತು. ಅಂಚೆಯಣ್ಣ ಹತ್ತಿಪ್ಪತ್ತು ಹಿಡಿದುಕೊಂಡರೂ ದುಡ್ಡು ಎಲ್ಲಿದೆ ಎಂಬುದು ಗೊತ್ತಿರುತ್ತಿತ್ತು. ಈಗ ಖಜಾನೆಯಿಂದ ಆಧಾರ್ ಸಂಖ್ಯೆಯ ಮೂಲಕ ನೇರ ಖಾತೆಗೆ. ಕದಿಯುವ ಕೈ ಕಡಿಮೆಯಾಗಿದೆ, ದಾರಿ ತಪ್ಪುವುದು ಹೆಚ್ಚಾಗಿದೆ.

ಎಲ್ಲರೂ ಎಡವುವ ಜಾಗ ಒಂದೇ. ‘ಬ್ಯಾಂಕಿಗೆ ಆಧಾರ್ ಕೊಟ್ಟಿದ್ದೀವಲ್ಲ’ ಎನ್ನುತ್ತಾರೆ. ಬ್ಯಾಂಕಿನಲ್ಲಿ ಖಾತೆಗೆ ಆಧಾರ್ ಸೇರಿಸುವುದು ಬೇರೆ, ಎನ್‌ಪಿಸಿಐ (ಬ್ಯಾಂಕುಗಳ ನಡುವೆ ಹಣ ರವಾನಿಸುವ ರಾಷ್ಟ್ರೀಯ ಸಂಸ್ಥೆ) ಪಟ್ಟಿಯಲ್ಲಿ ಆ ಖಾತೆ ದಾಖಲಾಗುವುದು ಬೇರೆ. ಖಜಾನೆ ದುಡ್ಡು ಕಳಿಸುವಾಗ ನೋಡುವುದು ಎರಡನೆಯದನ್ನು. ಒಂದು ಆಧಾರ್‌ಗೆ ಆ ಪಟ್ಟಿಯಲ್ಲಿ ಒಂದೇ ಬ್ಯಾಂಕಿಗೆ ಜಾಗ, ಕೊನೆಗೆ ಯಾವುದನ್ನು ಜೋಡಿಸಿದರೋ ಅದು. ಅಜ್ಜಿಯ ಪಾಸ್‌ಬುಕ್ಕು ಗ್ರಾಮೀಣ ಬ್ಯಾಂಕಿನದು, ನಡುವೆ ಸಂಘದ ಸಾಲಕ್ಕೆಂದು ಬೇರೆ ಬ್ಯಾಂಕಿನಲ್ಲಿ ಖಾತೆ ತೆರೆಸಿರುತ್ತಾರೆ, ಅಥವಾ ಸಿಮ್ ಕೊಳ್ಳುವಾಗ ಒತ್ತಿದ ಹೆಬ್ಬೆಟ್ಟಿಗೆ ಪೇಮೆಂಟ್ಸ್ ಬ್ಯಾಂಕ್ ಖಾತೆ ತೆರೆದಿರುತ್ತದೆ. 2017ರಲ್ಲಿ ಗ್ಯಾಸ್ ಸಬ್ಸಿಡಿ ಹೀಗೇ ಗ್ರಾಹಕರಿಗೆ ಗೊತ್ತೇ ಇಲ್ಲದ ಖಾತೆಗಳಿಗೆ ಹೋಗಿ ದೇಶದಲ್ಲೆಲ್ಲ ಗಲಾಟೆಯಾಗಿತ್ತು. ದುಡ್ಡು ಕಳೆದಿಲ್ಲ, ಇನ್ನೊಂದು ಖಾತೆಯಲ್ಲಿ ಕೂತಿದೆ. ಮೈಆಧಾರ್ ಜಾಲತಾಣದಲ್ಲಿ ‘ಬ್ಯಾಂಕ್ ಸೀಡಿಂಗ್’ ಸ್ಥಿತಿ ನೋಡಿದರೆ ಬ್ಯಾಂಕಿನ ಹೆಸರು ಸಿಗುತ್ತದೆ. ಅದಕ್ಕೆ ಆಧಾರ್‌ಗೆ ಜೋಡಿಸಿದ ಮೊಬೈಲ್‌ಗೆ ಒಟಿಪಿ ಬರಬೇಕು. ಮೊಬೈಲ್ ಇಲ್ಲದಿದ್ದರೆ ಬ್ಯಾಂಕ್ ಶಾಖೆಯಲ್ಲೇ ವಿಚಾರಿಸಬೇಕು. ಆಮೇಲೆ ಅಜ್ಜಿಗೆ ಹತ್ತಿರವಿರುವ ಬ್ಯಾಂಕಿಗೆ ಜೋಡಿಸಲು ಒಪ್ಪಿಗೆ ಪತ್ರ ಕೊಟ್ಟು, ಸ್ವೀಕೃತಿ ಪಡೆದು, ಕೆಲವು ದಿನ ಬಿಟ್ಟು ಮತ್ತೆ ಪರೀಕ್ಷಿಸಿ. ‘ಆಯ್ತು ಹೋಗಿ’ ಎಂಬ ಮಾತನ್ನು ನಂಬಿ ರಿಜಿಸ್ಟರಿನಲ್ಲಿ ಟಿಕ್ ಹಾಕಬೇಡಿ.

ಬ್ಯಾಂಕುಗಳ ವಿಲೀನವೂ ಬೇಕಾದಷ್ಟು ಕಾಟ ಕೊಟ್ಟಿದೆ. 2017ರಲ್ಲಿ ಸ್ಟೇಟ್ ಬ್ಯಾಂಕ್ ಆಫ್ ಮೈಸೂರು, 2019ರಲ್ಲಿ ವಿಜಯಾ, 2020ರಲ್ಲಿ ಸಿಂಡಿಕೇಟ್ ಮತ್ತು ಕಾರ್ಪೊರೇಷನ್. ಕರಾವಳಿಯ ಎಷ್ಟೋ ಮುದುಕರ ಖಾತೆಗಳು ಇದ್ದದ್ದು ಇಂಥ ಬ್ಯಾಂಕುಗಳಲ್ಲಿ. 2025ರ ಮೇ 1ರಂದು ಎರಡು ಗ್ರಾಮೀಣ ಬ್ಯಾಂಕುಗಳೂ ಒಂದಾದವು. ಹಳೆಯ ಪಾಸ್‌ಬುಕ್ಕು, ಹಳೆಯ ಐಎಫ್‌ಎಸ್‌ಸಿ ಹಿಡಿದು ಅರ್ಜಿ ತುಂಬಿದರೆ ಅಲ್ಲೇ ತಪ್ಪು. ಮೊದಲು ಹೊಸ ಪಾಸ್‌ಬುಕ್ಕು ಮಾಡಿಸಿ.

ಇನ್ನು ಕೆವೈಸಿ, ಅಂದರೆ ಖಾತೆದಾರರ ಗುರುತು-ವಿಳಾಸದ ದಾಖಲೆ. ಜನ್ ಧನ್ ಖಾತೆಗಳು ಶುರುವಾದದ್ದು 2014ರ ಆಗಸ್ಟಿನಲ್ಲಿ. ಆಗ ತೆರೆದವಕ್ಕೆ ಹತ್ತು ವರ್ಷ ತುಂಬಿ ಮರು-ಕೆವೈಸಿ ಬಾಕಿ ಬಿತ್ತು, ಅದಕ್ಕಾಗಿಯೇ 2025ರ ಜುಲೈಯಿಂದ ಪಂಚಾಯಿತಿ ಮಟ್ಟದಲ್ಲಿ ಶಿಬಿರ ನಡೆಸಿದರು. ಶಿಬಿರಕ್ಕೆ ಹೋಗದ ಮುದುಕರ ಖಾತೆ ತಡೆಹಿಡಿದಿದ್ದರೆ ದುಡ್ಡು ಬಂದೂ ಬಿಡಿಸಲಾಗದು.

ಬಿಡಿಸುವ ಕಡೆಯೂ ಕಣ್ಣಿರಲಿ. ಹೆಬ್ಬೆಟ್ಟು ಒತ್ತಿ ದುಡ್ಡು ಕೊಡುವ ಬ್ಯಾಂಕ್ ಮಿತ್ರರಿಗೆ ಕಮಿಷನ್ ಬ್ಯಾಂಕೇ ಕೊಡುತ್ತದೆ, ಅಜ್ಜಿ ಕೊಡಬೇಕಿಲ್ಲ. ‘ಬೆರಳು ಬರಲಿಲ್ಲ, ಮತ್ತೊಮ್ಮೆ ಒತ್ತಿ’ ಎಂದಾಗ ಮೊದಲ ಸಲವೂ ದುಡ್ಡು ಹೋಗಿರಬಹುದು. ಪ್ರತಿ ಸಲ ಚೀಟಿ ಕೇಳಿ ಪಡೆಯುವುದನ್ನು, ಮೂರು ತಿಂಗಳಿಗೊಮ್ಮೆ ಪಾಸ್‌ಬುಕ್ಕು ಎಂಟ್ರಿ ಹಾಕಿಸುವುದನ್ನು ಕಲಿಸಿದರೆ ಸಾಕು. ಬೀಡಿ ಕಟ್ಟಿ, ಕಳೆ ಕಿತ್ತು ಬೆರಳಿನ ಗೆರೆಯೇ ಸವೆದವರಿಗೆ ಕಣ್ಣಿನ ಪಾಪೆಯ ಯಂತ್ರ ಇರುವ ಜಾಗ ಹುಡುಕಬೇಕು. ಹಾಸಿಗೆ ಹಿಡಿದವರ ಮನೆಗೆ ಇಂಡಿಯಾ ಪೋಸ್ಟ್ ಪೇಮೆಂಟ್ಸ್ ಬ್ಯಾಂಕಿನ ಮೂಲಕ ಅಂಚೆಯವರೇ ಯಂತ್ರ ತರಬಲ್ಲರು. ಹಳೆಯ ಅಂಚೆಯಣ್ಣ ಬೇರೆ ರೂಪದಲ್ಲಿ ಮರಳಿದಂತಾಯಿತು. ಪಿಂಚಣಿಯನ್ನು ಬ್ಯಾಂಕು ಹಳೆಯ ಬೆಳೆಸಾಲಕ್ಕೆ ಜಮಾ ಮಾಡಿಕೊಂಡಿದ್ದರೆ ಮ್ಯಾನೇಜರಿಗೆ ಲಿಖಿತ ಮನವಿ, ಪ್ರತಿ ಜಿಲ್ಲೆಯ ಬ್ಯಾಂಕುಗಳ ಸಮನ್ವಯ ನೋಡುವ ಲೀಡ್ ಬ್ಯಾಂಕಿಗೆ ಮತ್ತು ತಹಶೀಲ್ದಾರರಿಗೆ.

ಅಂಗವಿಕಲರ ಕಡತ ಉದ್ದ

2016ರ ಕಾನೂನು 21 ಬಗೆಯ ವೈಕಲ್ಯಗಳನ್ನು ಒಪ್ಪಿದೆ. ಸೌಲಭ್ಯಕ್ಕೆ ಶೇ. 40 ಗೆರೆ. ಯುಡಿಐಡಿ, ಅಂದರೆ ಅಂಗವಿಕಲರ ವಿಶಿಷ್ಟ ಗುರುತಿನ ಕಾರ್ಡಿನ ಮೇಲಿನ ಪಟ್ಟಿ ಬಿಳಿಯಾದರೆ 40ಕ್ಕಿಂತ ಕಡಿಮೆ, ಹಳದಿಯಾದರೆ 40ರಿಂದ 80ರೊಳಗೆ, ನೀಲಿಯಾದರೆ 80 ಮತ್ತು ಮೇಲೆ. ಕೈಕಾಲಿನದ್ದು ತಾಲ್ಲೂಕು-ಜಿಲ್ಲಾ ಆಸ್ಪತ್ರೆಯಲ್ಲಿ ಆಗುತ್ತದೆ. ತೊಂದರೆ ಬುದ್ಧಿಮಾಂದ್ಯತೆ, ಮಾನಸಿಕ ಕಾಯಿಲೆ, ಕಿವಿಯದ್ದು. ಐಕ್ಯೂ ಪರೀಕ್ಷೆಗೆ ಕ್ಲಿನಿಕಲ್ ಸೈಕಾಲಜಿಸ್ಟ್ ಬೇಕು, ಸಣ್ಣ ಮಗುವಿನ ಕಿವಿಗೆ ಬೆರಾ (ಯಂತ್ರದಿಂದ ಶ್ರವಣ ಅಳೆಯುವ) ಪರೀಕ್ಷೆ ಬೇಕು. ಇವು ಹತ್ತಿರದಲ್ಲಿರದಿದ್ದರೆ ಮೈಸೂರಿನ ವಾಕ್ ಶ್ರವಣ ಸಂಸ್ಥೆ, ಬೆಂಗಳೂರಿನ ನಿಮ್ಹಾನ್ಸ್, ಧಾರವಾಡದ ಡಿಮ್ಹಾನ್ಸ್ ಎಂದು ಅಲೆಯಬೇಕು. ದಿನಗೂಲಿ ತಾಯಿಗೆ ಮಗುವನ್ನು ಹೊತ್ತು ಎರಡು ದಿನ ಹೋಗಿ ಬರುವುದೆಂದರೆ ಎರಡು ದಿನದ ಕೂಲಿ, ಬಸ್ ಖರ್ಚು, ಉಳಿಯಲು ಜಾಗ. ಸಂಸ್ಥೆಯ ಸ್ವಂತ ದುಡ್ಡು ಖರ್ಚಾಗಬೇಕಾದ್ದು ಇಲ್ಲಿ. ಐದಾರು ಮಕ್ಕಳನ್ನು ಗುಂಪು ಮಾಡಿ ಒಂದು ವಾಹನ ಮಾಡಿ, ಮೊದಲೇ ದಿನ ಗೊತ್ತುಮಾಡಿಕೊಂಡು ಹೋದರೆ ಖರ್ಚು ಹಂಚಿಹೋಗುತ್ತದೆ.

ಪಂಚಾಯಿತಿಗೊಬ್ಬರು ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು, ವಿಆರ್‌ಡಬ್ಲ್ಯು, ಇರುತ್ತಾರೆ. ಅವರೂ ಅಂಗವಿಕಲರೇ. ತಾಲ್ಲೂಕಿಗೆ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರು, ಎಂಆರ್‌ಡಬ್ಲ್ಯು. ಇವರನ್ನು ಬಿಟ್ಟು ಸಂಸ್ಥೆ ತನ್ನದೇ ಪಟ್ಟಿ ಮಾಡಲು ಹೊರಟರೆ ಒಂದೇ ಕೆಲಸ ಎರಡಾಗುತ್ತದೆ, ಜೊತೆಗೆ ಅವರ ಮುನಿಸು ಬೇರೆ. ಕಾರ್ಡು ಬಂದ ಮೇಲೆ ಅವಧಿ ನೋಡಿ. ತಾತ್ಕಾಲಿಕ ಪ್ರಮಾಣಪತ್ರವಾದರೆ ಮುಗಿಯುವ ದಿನ ಇರುತ್ತದೆ, ಆ ದಿನ ದಾಟಿದ ತಿಂಗಳು ಪಿಂಚಣಿ ನಿಂತಿತೆಂದು ಜನ ಬರುತ್ತಾರೆ. ಆರು ತಿಂಗಳು ಮೊದಲೇ ರಿಜಿಸ್ಟರಿನಲ್ಲಿ ಕೆಂಪು ಗುರುತು ಹಾಕಿಡಿ.

ಕಾನೂನೇ ಕುರ್ಚಿ ಹಾಕಿಕೊಟ್ಟ ಕಡೆ

ಕೆಲವೆಡೆ ಸಂಸ್ಥೆಗೆ ಬರೀ ಸಹಾಯಕನ ಪಾತ್ರವಲ್ಲ, ಅಧಿಕೃತ ಜಾಗವೇ ಇದೆ. ಬುದ್ಧಿಮಾಂದ್ಯತೆ, ಆಟಿಸಂ, ಸೆರೆಬ್ರಲ್ ಪಾಲ್ಸಿ ಇರುವವರಿಗೆ 18 ತುಂಬಿದ ಮೇಲೆ ಕಾನೂನುಬದ್ಧ ಪೋಷಕರನ್ನು ನೇಮಿಸುವ ಸ್ಥಳೀಯ ಮಟ್ಟದ ಸಮಿತಿಯಲ್ಲಿ ಜಿಲ್ಲಾಧಿಕಾರಿಯ ಜೊತೆ ಒಂದು ನೋಂದಾಯಿತ ಸಂಸ್ಥೆಯ ಪ್ರತಿನಿಧಿ, ಒಬ್ಬ ಅಂಗವಿಕಲ ವ್ಯಕ್ತಿ ಇರಬೇಕೆಂದು 1999ರ ರಾಷ್ಟ್ರೀಯ ನ್ಯಾಸ ಕಾಯ್ದೆ ಹೇಳುತ್ತದೆ.

ಹಿರಿಯ ನಾಗರಿಕರ 2007ರ ಕಾಯ್ದೆಯಲ್ಲಿ, ತಾನೇ ಅರ್ಜಿ ಹಾಕಲಾಗದ ವೃದ್ಧರ ಪರವಾಗಿ ಅವರು ಒಪ್ಪಿಸಿದ ಸ್ವಯಂಸೇವಾ ಸಂಸ್ಥೆ ಅರ್ಜಿ ಹಾಕಬಹುದು. ಅರ್ಜಿ ಹೋಗುವುದು ಉಪವಿಭಾಗಾಧಿಕಾರಿಯ ನ್ಯಾಯಮಂಡಳಿಗೆ. ತಿಂಗಳಿಗೆ 10,000 ರೂಪಾಯಿವರೆಗೆ ಜೀವನಾಂಶ ಆದೇಶಿಸಬಹುದು, ನೋಟಿಸ್ ಮುಟ್ಟಿ 90 ದಿನದೊಳಗೆ ತೀರ್ಮಾನ ಆಗಬೇಕು. ಆಸ್ತಿ ಬರೆಸಿಕೊಂಡು ಮಕ್ಕಳು ಹೊರಹಾಕಿದ ಪ್ರಕರಣಗಳಲ್ಲಿ 23ನೇ ಕಲಂ ಬಳಕೆಗೆ ಬರುತ್ತದೆ. ದಾನಪತ್ರದಲ್ಲಿ ‘ನೋಡಿಕೊಳ್ಳತಕ್ಕದ್ದು’ ಎಂಬ ಷರತ್ತು ಇದ್ದರೆ ರದ್ದು ಮಾಡಿಸುವುದು ಸಲೀಸು, ಇಲ್ಲದಿದ್ದರೆ ವಾದ ಎಳೆಯುತ್ತದೆ. ಆದ್ದರಿಂದ ಆಸ್ತಿ ಬರೆದುಕೊಡಲು ಹೊರಟ ಮುದುಕರಿಗೆ ಆ ಒಂದು ಸಾಲು ಹಾಕಿಸಿ ಎಂದು ಮೊದಲೇ ಹೇಳುವುದು ಲೇಸು. ಹೆಚ್ಚಿನ ತಂದೆತಾಯಿ ಮಗನ ಮೇಲೆ ಅರ್ಜಿಗೆ ಒಪ್ಪುವುದಿಲ್ಲ ಎಂಬುದೂ ನಿಜ. ‘ಬ್ಯಾಡ ಕಣಪ್ಪ, ಅವನ ಮಾನ ಹೋಗ್ತದೆ’ ಎಂದರೆ ಅಲ್ಲಿಗೆ ನಿಲ್ಲಿಸಬೇಕು. ಅವರನ್ನು ಒತ್ತಾಯಿಸಿ ಕೇಸು ಗೆಲ್ಲುವ ಹಕ್ಕು ಸಂಸ್ಥೆಗಿಲ್ಲ.

ಸಂಸ್ಥೆಗಳೇ ಮಾಡುವ ತಪ್ಪು

ಮೊದಲನೆಯದು ಮೊಬೈಲ್ ಸಂಖ್ಯೆ. ಅಜ್ಜಿಗೆ ಫೋನಿಲ್ಲ ಎಂದು ಕಾರ್ಯಕರ್ತೆ ತನ್ನ ನಂಬರನ್ನೇ ಅರ್ಜಿಗಳಲ್ಲಿ ಹಾಕುತ್ತಾಳೆ. ಮೂವತ್ತು ಮಂದಿಯ ಸಂದೇಶ ಒಂದೇ ಫೋನಿಗೆ. ಆಕೆ ಮದುವೆಯಾಗಿಯೋ ಬೇರೆ ಕೆಲಸ ಸಿಕ್ಕಿಯೋ ಹೋದಳೆಂದರೆ ಒಟಿಪಿಗಳೂ ಅವಳ ಹಿಂದೆ ಹೋದವು. ಮೊಮ್ಮಗನದೋ ನೆರೆಮನೆಯವರದೋ ನಂಬರ್ ಹಾಕಿ, ಯಾರದೆಂದು ಬರೆದಿಡಿ. ಎರಡನೆಯದು ಪಾಸ್‌ಬುಕ್ಕು, ಎಟಿಎಂ ಕಾರ್ಡು ಸಂಸ್ಥೆಯ ಬೀರುವಿನಲ್ಲಿ ಇಟ್ಟುಕೊಳ್ಳುವುದು. ಎಷ್ಟೇ ಒಳ್ಳೆಯ ಮನಸ್ಸಿನಿಂದಾದರೂ ಬೇಡ, ಮೂಲ ಕಾಗದ ಆ ದಿನವೇ ಮನೆಗೆ ಹೋಗಬೇಕು. ಮೂರನೆಯದು ‘ಓಡಾಟದ ಖರ್ಚಿಗೆ’ ಎಂದು ನೂರಿನ್ನೂರು ತೆಗೆದುಕೊಳ್ಳುವುದು. ಅಲ್ಲಿಂದ ದಲ್ಲಾಳಿಗೂ ನಿಮಗೂ ವ್ಯತ್ಯಾಸ ಉಳಿಯುವುದಿಲ್ಲ.

ಖರ್ಚು ಎಲ್ಲಿಂದ ಎಂಬ ಪ್ರಶ್ನೆ ನಿಜವಾದದ್ದೇ. ಸಂಘ ನೋಂದಣಿಗೆ 1960ರ ಕಾಯ್ದೆಯಡಿ ಏಳು ಮಂದಿ ಸಾಕು, ಆದರೆ ಪ್ರತಿ ವರ್ಷ ಲೆಕ್ಕ ತಪಾಸಣೆ ಮಾಡಿಸಿ ಜಿಲ್ಲಾ ನೋಂದಣಾಧಿಕಾರಿಗೆ ಸಲ್ಲಿಸದೆ ಬಿಟ್ಟ ಸಂಘಗಳು ಮುಂದೆ ಯಾವ ಅನುದಾನಕ್ಕೂ ಅರ್ಜಿ ಹಾಕಲಾಗದೆ ಒದ್ದಾಡುತ್ತವೆ. ದಾನಿಗಳಿಗೆ ಆದಾಯ ತೆರಿಗೆಯಲ್ಲಿ ವಿನಾಯಿತಿ ಬೇಕಾದರೆ 2,000 ರೂಪಾಯಿಗಿಂತ ಹೆಚ್ಚಿನದನ್ನು ನಗದಾಗಿ ಪಡೆಯಬಾರದು. ಕಂಪನಿಗಳ ಸಿಎಸ್‌ಆರ್ (ಸಾಮಾಜಿಕ ಹೊಣೆಗಾರಿಕೆ) ಹಣಕ್ಕೆ ಸಿಎಸ್‌ಆರ್-1 ನೋಂದಣಿ 2021ರಿಂದ ಕಡ್ಡಾಯ. ಆದರೆ ಕಂಪನಿಗಳಿಗೆ ಬೇಕಾದ್ದು ಕಟ್ಟಡ, ಬೆಂಚು, ಶುದ್ಧ ನೀರಿನ ಘಟಕ. ಹೆಸರು ಬರೆಸಲು ಗೋಡೆ ಇರುವಂಥದ್ದು. ಒಬ್ಬ ಕಾರ್ಯಕರ್ತೆಯ ಸಂಬಳ, ಪೆಟ್ರೋಲು, ಜೆರಾಕ್ಸಿನ ಖರ್ಚು ಎಂದರೆ ಮುಖ ಸಿಂಡರಿಸುತ್ತಾರೆ. ಈ ಕೆಲಸ ಹೆಚ್ಚು ಕಡೆ ಊರಿನವರ, ಊರು ಬಿಟ್ಟು ಹೋದವರ ತಿಂಗಳ ಸಣ್ಣ ಕಾಣಿಕೆಯ ಮೇಲೆಯೇ ನಡೆಯುವುದು ಇದರಿಂದಲೇ.

ಇನ್ನು ರಿಜಿಸ್ಟರು. ಹೆಸರು, ಊರು, ಯೋಜನೆ, ಜಿಎಸ್‌ಸಿ ಸಂಖ್ಯೆ, ಕೊನೆಯ ದಿನಾಂಕ, ಪರಿಶೀಲನೆಯ ದಿನ, ಮಂಜೂರಾತಿ ಆದೇಶದ ಸಂಖ್ಯೆ, ಬ್ಯಾಂಕು, ಫೋನು ಯಾರದು, ಮೊದಲ ದುಡ್ಡು ಬಂದ ತಿಂಗಳು. ಆಧಾರ್ ಸಂಖ್ಯೆ ಪೂರ್ತಿ ಬರೆಯಬೇಡಿ, ಕೊನೆಯ ನಾಲ್ಕು ಅಂಕಿ ಸಾಕು. ಮಂಜೂರಾತಿ ಪತ್ರ ಬಂದ ದಿನ ಸಾಲು ಮುಚ್ಚುವುದಲ್ಲ, ಮೂರನೇ ತಿಂಗಳ ದುಡ್ಡು ಪಾಸ್‌ಬುಕ್ಕಿನಲ್ಲಿ ಕಂಡ ಮೇಲೆ. ಪಿಂಚಣಿದಾರರು ತೀರಿಕೊಂಡರೆ ಅದನ್ನೂ ಬರೆಯಿರಿ. ಮನೆಯವರು ಗೊತ್ತಿಲ್ಲದೆ ದುಡ್ಡು ಬಿಡಿಸುತ್ತಲೇ ಹೋದರೆ ಮುಂದೆ ವಸೂಲಿ ನೋಟಿಸು ಬರುತ್ತದೆ. ಸತ್ತದ್ದು ದುಡಿಯುತ್ತಿದ್ದ ಯಜಮಾನನಾಗಿ ವಯಸ್ಸು 18ರಿಂದ 59ರೊಳಗಿದ್ದರೆ ಬಿಪಿಎಲ್ ಕುಟುಂಬಕ್ಕೆ ರಾಷ್ಟ್ರೀಯ ಕುಟುಂಬ ನೆರವು ಯೋಜನೆಯ 20,000 ರೂಪಾಯಿಗೆ ಅರ್ಜಿ ಹಾಕಿಸಿ. 21 ದಿನದೊಳಗೆ ಮರಣ ನೋಂದಣಿ ಮಾಡಿಸಿ, ಪ್ರಮಾಣಪತ್ರದ ನಾಲ್ಕು ಪ್ರತಿ ತೆಗೆಸಿಡಿ. ಹೆಂಡತಿ ಇದ್ದರೆ ಅದೇ ಮನೆಯ ಹೆಸರಿನಲ್ಲಿ ಹೊಸ ಸಾಲು ಶುರುವಾಗುತ್ತದೆ.